ಹೊಟ್ಟೆಗೆ ಚುಚ್ಚುವ ಹೆಪಾರಿನ್: ಬಸುರಿಗೂ ಬಾಣಂತಿಗೂ ತಿಳಿದಿರಬೇಕಾದದ್ದು

ಬಸುರಿಯ ಹೊಟ್ಟೆಗೇ ಸೂಜಿ ಚುಚ್ಚುವುದೇ? ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಂಜೆಕ್ಷನ್ನನ್ನು ವೈದ್ಯರು ಬರೆದುಕೊಟ್ಟ ದಿನ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಇದು. ಅಮ್ಮನಿಗೂ ಭಯ, ಅತ್ತೆಗೂ ಭಯ, ಚುಚ್ಚಿಕೊಳ್ಳಬೇಕಾದವಳ ಪಾಡಂತೂ ಕೇಳುವುದೇ ಬೇಡ. ಉತ್ತರ ಸೂಜಿಯ ಅಳತೆಯಲ್ಲೇ ಇದೆ. ಹೆಪಾರಿನ್ ಜಾತಿಯ ಮದ್ದಾದ ಎನಾಕ್ಸಪಾರಿನ್ ತುಂಬಿ ಬರುವ ಸಿರಿಂಜಿನ ಸೂಜಿ ಸುಮಾರು ಅರ್ಧ ಇಂಚು ಉದ್ದ. ಅದು ಚರ್ಮ ದಾಟಿ, ಅದರಡಿಯ ಕೊಬ್ಬಿನ ಪದರದಲ್ಲೇ ನಿಲ್ಲುತ್ತದೆ. ಆ ಕೊಬ್ಬಿನ ಕೆಳಗೆ ಹೊಟ್ಟೆಯ ಸ್ನಾಯು, ಅದರ ಹಿಂದೆ ಗರ್ಭಕೋಶದ ದಪ್ಪ ಗೋಡೆ, ಒಳಗೆ ನೀರು, ಅದರಲ್ಲಿ ಮಗು. ಸೂಜಿ ಅತ್ತ ಸುಳಿಯುವುದೇ ಇಲ್ಲ. ಮದ್ದೂ ಅಷ್ಟೇ. ಹೆಪಾರಿನ್ ಜಾತಿಯ ಅಣುಗಳು ದೊಡ್ಡವು, ಮೇಲಾಗಿ ವಿದ್ಯುದಾವೇಶ ಹೊತ್ತವು. ಮಾಸು ಅವನ್ನು ಮಗುವಿನ ಕಡೆಗೆ ಬಿಟ್ಟುಕೊಡುವುದಿಲ್ಲ.

ಇದೇ ಕೆಲಸಕ್ಕೆ ಗುಳಿಗೆ ಇಲ್ಲವೇ ಎಂದರೆ, ಇದೆ. ಆದರೆ ಬಸುರಿಗೆ ಒಗ್ಗುವುದಿಲ್ಲ. ವಾರ್ಫರಿನ್ ಮಾಸನ್ನು ದಾಟುತ್ತದೆ. 6ರಿಂದ 12ನೇ ವಾರದೊಳಗೆ ಅದು ಮಗುವಿನ ಮೂಗು, ಮೂಳೆಗಳ ಬೆಳವಣಿಗೆ ಕೆಡಿಸಬಲ್ಲದು; ಆಮೇಲೂ ಮಗುವಿನಲ್ಲಿ ರಕ್ತಸ್ರಾವದ ಭಯ ಇದ್ದೇ ಇದೆ. ಹೊಸ ಪೀಳಿಗೆಯ ರಿವರಾಕ್ಸಬಾನ್, ಅಪಿಕ್ಸಬಾನ್ ಗುಳಿಗೆಗಳನ್ನೂ ಬಸುರಿನಲ್ಲಿ ಕೊಡುವುದಿಲ್ಲ. ಇಂಥ ಗುಳಿಗೆ ನುಂಗುತ್ತಿರುವಾಗಲೇ ಮುಟ್ಟು ನಿಂತರೆ, ತಾವೇ ಗುಳಿಗೆ ಬಿಟ್ಟು ಕೂರದೆ ಅವತ್ತೇ ವೈದ್ಯರಿಗೆ ಫೋನ್ ಮಾಡಬೇಕು. ಅದರಲ್ಲೂ ಹೃದಯಕ್ಕೆ ಲೋಹದ ವಾಲ್ವ್ ಹಾಕಿಸಿಕೊಂಡವರು. ಅವರಿಗೆ ಯಾವ ತಿಂಗಳಲ್ಲಿ ಯಾವ ಮದ್ದು ಎಂಬುದನ್ನು ಹೃದ್ರೋಗ ತಜ್ಞರೂ ಹೆರಿಗೆ ವೈದ್ಯರೂ ಒಟ್ಟಿಗೆ ಕೂತು ತೀರ್ಮಾನಿಸುತ್ತಾರೆ, ರಕ್ತದಲ್ಲಿ ಮದ್ದಿನ ಮಟ್ಟವನ್ನೂ ಆಗಾಗ ಅಳೆಯುತ್ತಾರೆ. ಅಲ್ಲಿ ಒಂದೆರಡು ಡೋಸ್ ತಪ್ಪಿದರೂ ವಾಲ್ವ್ ಮೇಲೆ ಹೆಪ್ಪು ಕೂರಬಹುದು.

ಬಸುರಿಗೂ ಹೆಪ್ಪಿಗೂ ಏನು ನಂಟು? ಹೆರಿಗೆಯಲ್ಲಿ ಮಾಸು ಕಳಚಿದಾಗ ತಾಯಿ ರಕ್ತ ಸುರಿದು ಸಾಯಬಾರದೆಂದು ದೇಹ ತಿಂಗಳುಗಟ್ಟಲೆ ಮೊದಲೇ ತಯಾರಿ ನಡೆಸುತ್ತದೆ. ಹೆಪ್ಪು ಕಟ್ಟಿಸುವ ಫೈಬ್ರಿನೋಜನ್ ಏರುತ್ತದೆ, ಹೆಪ್ಪಿಗೆ ತಡೆಯೊಡ್ಡುವ ಪ್ರೋಟೀನ್ ಎಸ್ ಇಳಿಯುತ್ತದೆ. ಬೆಳೆದ ಗರ್ಭಕೋಶ ಕಾಲಿನಿಂದ ಮೇಲೇರುವ ರಕ್ತನಾಳಗಳನ್ನು ಒತ್ತುವುದರಿಂದ ರಕ್ತದ ಓಟವೂ ನಿಧಾನ. ಎಡಗಾಲಿನ ಅಭಿಧಮನಿಯ ಮೇಲೆ ಬಲಗಡೆಯ ಅಪಧಮನಿ ಹಾದುಹೋಗುವ ಕಾರಣ ಅಲ್ಲಿ ಒತ್ತಡ ಇನ್ನೂ ಹೆಚ್ಚು. ಬಸುರಿಯರಲ್ಲಿ ಹೆಪ್ಪು ಬಹುತೇಕ ಎಡಗಾಲಲ್ಲೇ ಕಾಣಿಸಿಕೊಳ್ಳುವುದು ಇದರಿಂದ. ಇಷ್ಟಾಗಿಯೂ 1000 ಬಸುರಿಯರಲ್ಲಿ ಒಬ್ಬಿಬ್ಬರಿಗೆ ಮಾತ್ರ ಈ ತೊಂದರೆ ಬರುತ್ತದೆ. ಆದರೆ ಹೆಪ್ಪು ಕಾಲಿನಿಂದ ಕಳಚಿ ಶ್ವಾಸಕೋಶಕ್ಕೆ ನುಗ್ಗಿದರೆ ಪ್ರಾಣಕ್ಕೇ ಕುತ್ತು.

ನಮ್ಮ ರಕ್ತದಲ್ಲೇ ಆ್ಯಂಟಿಥ್ರಾಂಬಿನ್ ಎಂಬ ಪ್ರೋಟೀನ್ ಇದೆ. ಹೆಪ್ಪುಗಟ್ಟುವಿಕೆಗೆ ಕಡಿವಾಣ ಹಾಕುವುದು ಅದರ ಕೆಲಸ. ಹೆಪಾರಿನ್ ಅದಕ್ಕೆ ಅಂಟಿಕೊಂಡು ಆ ಕೆಲಸವನ್ನು ಹಲವು ಪಟ್ಟು ಚುರುಕುಗೊಳಿಸುತ್ತದೆ. ರಕ್ತಸ್ರಾವವಾಗದ ಹೊರತು ಇದರಿಂದ ಹಿಮೋಗ್ಲೋಬಿನ್ ಇಳಿಯುವುದಿಲ್ಲ, ಮಗುವಿಗೆ ರಕ್ತಹೀನತೆಯೂ ಬರುವುದಿಲ್ಲ. ಆಗಲೇ ಕಟ್ಟಿದ ಹೆಪ್ಪನ್ನು ಅದು ಕರಗಿಸುವುದೂ ಇಲ್ಲ. ಬೆಳೆಯದಂತೆ ತಡೆಯುತ್ತದೆ, ಕರಗಿಸುವ ಕೆಲಸ ದೇಹದ್ದೇ. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯ ವಿದ್ಯಾರ್ಥಿ, ರಕ್ತ ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕುತ್ತ ಹೋಗಿ ಅದಕ್ಕೆ ತದ್ವಿರುದ್ಧವಾದ ಈ ಜಾತಿಯ ವಸ್ತುವಿನ ಜಾಡು ಹಿಡಿದ. ಇಂದು ಇದನ್ನು ಬಹುಪಾಲು ಹಂದಿಯ ಕರುಳಿನ ಒಳಪೊರೆಯಿಂದ ತಯಾರಿಸುತ್ತಾರೆ. ಆಚಾರದ ಕಾರಣಕ್ಕೆ ಇದು ಯಾರಿಗಾದರೂ ಮುಖ್ಯವೆನಿಸಿದರೆ ವೈದ್ಯರೊಡನೆ ಬಾಯಿಬಿಟ್ಟು ಮಾತಾಡಬೇಕೇ ಹೊರತು ಗುಟ್ಟಾಗಿ ಡೋಸ್ ಬಿಡಬಾರದು.

ಯಾರಿಗೆ ಬೇಕು ಎಂಬಲ್ಲಿ ಸ್ವಲ್ಪ ನಿಷ್ಠುರವಾಗಿ ಹೇಳಬೇಕಾದ ಮಾತಿದೆ. ಹಿಂದೆ ಕಾಲಲ್ಲೋ ಶ್ವಾಸಕೋಶದಲ್ಲೋ ಹೆಪ್ಪುಗಟ್ಟಿದ್ದವರಿಗೆ, ಈ ಬಸುರಿನಲ್ಲೇ ಹೆಪ್ಪು ಪತ್ತೆಯಾದವರಿಗೆ, ಲೋಹದ ವಾಲ್ವ್ ಇರುವವರಲ್ಲಿ ಹಲವರಿಗೆ ಇದು ಬೇಕು, ಎರಡು ಮಾತಿಲ್ಲ. ರಕ್ತ ಹೆಪ್ಪುಗಟ್ಟಿಸುವ ಆ್ಯಂಟಿಫಾಸ್ಫೊಲಿಪಿಡ್ ಸಿಂಡ್ರೋಮ್ ಎಂಬ ಕಾಯಿಲೆ ಇದ್ದು ಮತ್ತೆ ಮತ್ತೆ ಗರ್ಭ ಕಳೆದುಕೊಂಡವರಿಗೆ ಕಡಿಮೆ ಡೋಸಿನ ಆಸ್ಪಿರಿನ್ ಜೊತೆ ಹೆಪಾರಿನ್ ಕೊಡುವುದು ಒಪ್ಪಿತ ಚಿಕಿತ್ಸೆ. ಆದರೆ ಆ ಕಾಯಿಲೆ ಇದೆ ಎನ್ನಲು ರಕ್ತಪರೀಕ್ಷೆ ಒಮ್ಮೆ ಪಾಸಿಟಿವ್ ಬಂದರೆ ಸಾಲದು, ಕನಿಷ್ಠ 12 ವಾರ ಬಿಟ್ಟು ಇನ್ನೊಮ್ಮೆಯೂ ಬರಬೇಕು. ಇದರಾಚೆಗೆ ‘ಮಗುವಿಗೆ ರಕ್ತ ಚೆನ್ನಾಗಿ ಹರಿಯಲಿ’ ಎಂದೋ, ರಕ್ತದಲ್ಲಿ ಹೆಪ್ಪಿನ ಸುಳಿವು ಕೊಡುವ ಡಿ-ಡೈಮರ್ ಜಾಸ್ತಿಯಿದೆ ಎಂದೋ, ಎಂಟಿಎಚ್ಎಫ್ಆರ್ ಜೀನ್ ಪರೀಕ್ಷೆಯ ವರದಿ ನೋಡಿಯೋ ಇಂಜೆಕ್ಷನ್ ಶುರುಮಾಡುವುದುಂಟು. ಡಿ-ಡೈಮರ್ ಪ್ರತಿ ಬಸುರಿನಲ್ಲೂ ತಾನಾಗಿ ಏರುತ್ತದೆ. ಎಂಟಿಎಚ್ಎಫ್ಆರ್ ಪರೀಕ್ಷೆಯನ್ನು ಈ ಕಾರಣಕ್ಕೆ ಮಾಡಿಸುವುದೇ ಬೇಡ ಎನ್ನುತ್ತವೆ ವೈದ್ಯ ಸಂಘಟನೆಗಳ ಮಾರ್ಗಸೂಚಿಗಳು. ಎರಡು ಅಥವಾ ಹೆಚ್ಚು ಸಲ ಗರ್ಭಪಾತವಾಗಿ, ಹೆಪ್ಪುಗಟ್ಟುವ ಗುಣ ವಂಶದಿಂದ ಬಂದಿದ್ದ ಮಹಿಳೆಯರ ಮೇಲೆ ನಡೆದ ಅಲೈಫ್-2 ಅಧ್ಯಯನ 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಇಂಜೆಕ್ಷನ್ ತೆಗೆದುಕೊಂಡವರಲ್ಲಿ ಜೀವಂತ ಹೆರಿಗೆ ಶೇ. 72, ತೆಗೆದುಕೊಳ್ಳದವರಲ್ಲಿ ಶೇ. 71. ಹೆಚ್ಚುಕಡಿಮೆ ಒಂದೇ.

ಹಾಗಾಗಿ ‘ನನಗೆ ಇದು ಯಾವ ಕಾರಣಕ್ಕೆ?’ ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. 8ನೇ ವಾರಕ್ಕೆ ಶುರುಮಾಡಿ ಹೆರಿಗೆಯಾದ 6 ವಾರದವರೆಗೆ ದಿನಕ್ಕೊಂದರಂತೆ ಲೆಕ್ಕ ಹಾಕಿದರೆ 260 ದಾಟುತ್ತದೆ. ಅಷ್ಟು ಚುಚ್ಚಿಸಿಕೊಳ್ಳುವವಳಿಗೆ ಕಾರಣ ಗೊತ್ತಿರಬೇಡವೇ? ದುಡ್ಡಿನ ಹೊರೆಯೂ ಸಣ್ಣದಲ್ಲ. ಎನಾಕ್ಸಪಾರಿನ್ ರಾಷ್ಟ್ರೀಯ ಅವಶ್ಯಕ ಔಷಧಗಳ ಪಟ್ಟಿಯಲ್ಲಿದೆ. ಸರ್ಕಾರಿ ಆಸ್ಪತ್ರೆಯಲ್ಲೂ ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ ನೋಡಬಹುದು. ಆದರೆ ಬ್ರ್ಯಾಂಡ್ ಬದಲಿಸುವ ಮುನ್ನ ವೈದ್ಯರಿಗೊಂದು ಮಾತು ಹೇಳಿ. ಹಲವು ಡೋಸ್ ತುಂಬಿದ ಸೀಸೆಗಳಲ್ಲಿ ಬೆಂಜೈಲ್ ಆಲ್ಕೊಹಾಲ್ ಎಂಬ ಸಂರಕ್ಷಕ ಇರಬಹುದು. ಬಸುರಿಯರಿಗೆ ಅದಿಲ್ಲದ, ಮೊದಲೇ ತುಂಬಿದ ಸಿರಿಂಜೇ ಲೇಸು.

ಇನ್ನು ಚುಚ್ಚಿಕೊಳ್ಳುವ ಬಗೆ. ದಿನಾ ನರ್ಸಿಂಗ್ ಹೋಮಿಗೆ ಆಟೋದಲ್ಲಿ ಅಲೆಯುವ ಅಗತ್ಯವಿಲ್ಲ. ನರ್ಸ್ ಒಬ್ಬರು ಒಂದೆರಡು ಸಲ ಎದುರಿಗೆ ಕೂತು ಕಲಿಸಿದರೆ ತಾನೇ ಚುಚ್ಚಿಕೊಳ್ಳಬಹುದು, ಇಲ್ಲವೇ ಗಂಡ ಕಲಿಯಬಹುದು. ಸಾಮಾನ್ಯವಾಗಿ ತಡೆಗಟ್ಟುವ ಡೋಸ್ ದಿನಕ್ಕೊಮ್ಮೆ 40 ಮಿಲಿಗ್ರಾಂ, ಅಂದರೆ 0.4 ಮಿಲಿಲೀಟರ್. ತೂಕ ಹೆಚ್ಚಿದ್ದರೆ 60 ಇರಬಹುದು. ಆಗಲೇ ಹೆಪ್ಪಿರುವವರಿಗೆ ತೂಕದ ಲೆಕ್ಕದಲ್ಲಿ ಇದಕ್ಕಿಂತ ಜಾಸ್ತಿ. ಆದ್ದರಿಂದ ಪಕ್ಕದ ಮನೆಯವಳ ಡೋಸ್ ನಿಮ್ಮ ಡೋಸ್ ಅಲ್ಲ.

ದಿನಾ ಒಂದೇ ಹೊತ್ತು ಇಟ್ಟುಕೊಳ್ಳಿ. ಕೈ ತೊಳೆದು, ದಿಂಬಿಗೆ ಒರಗಿ ಕೂತು, ಹೊಕ್ಕಳಿನಿಂದ ಕನಿಷ್ಠ ಮೂರು ಬೆರಳಗಲ ಆಚೆ, ಹೊಟ್ಟೆಯ ಪಕ್ಕದಲ್ಲಿ ಜಾಗ ನೋಡಿಕೊಳ್ಳಿ. ಇವತ್ತು ಎಡ, ನಾಳೆ ಬಲ. ಗಾಯದ ಕಲೆ, ನೀಲಿಗಟ್ಟಿದ ಜಾಗ ಬೇಡ. ಸ್ಪಿರಿಟ್ ಹಚ್ಚಿದ್ದರೆ ಪೂರ್ತಿ ಆರಲಿ. ಹಸಿಯಿದ್ದರೆ ಉರಿ ಜಾಸ್ತಿ. ಸಿರಿಂಜಿನೊಳಗೆ ಸಣ್ಣದೊಂದು ಗಾಳಿಗುಳ್ಳೆ ಕಾಣುತ್ತದೆ. ಸಿನಿಮಾದಲ್ಲಿ ಡಾಕ್ಟರು ಮಾಡುವ ಹಾಗೆ ಅದನ್ನು ಚಿಮ್ಮಿಸಲು ಹೋಗಬೇಡಿ, ಮದ್ದೂ ಹೋಗುತ್ತದೆ. ಸೂಜಿ ಕೆಳಮುಖವಾದಾಗ ಆ ಗುಳ್ಳೆ ಮೇಲಕ್ಕೇರಿ, ಕೊನೆಯ ಹನಿಯನ್ನೂ ಒಳಕ್ಕೆ ತಳ್ಳುತ್ತದೆ. ಹೆಬ್ಬೆರಳು ತೋರುಬೆರಳ ನಡುವೆ ಚರ್ಮದ ಮಡಿಕೆಯನ್ನು ಮೆತ್ತಗೆ ಹಿಡಿದು, ಸೂಜಿಯನ್ನು ನೇರವಾಗಿ, ಓರೆಯಾಗದಂತೆ, ಪೂರ್ತಿ ಇಳಿಸಿ. ಮದ್ದನ್ನು ಅವಸರಿಸದೆ ಹತ್ತು ಎಣಿಸುವಷ್ಟು ಹೊತ್ತು ತಳ್ಳಿ. ಸೂಜಿ ಹೊರಬರುವವರೆಗೂ ಮಡಿಕೆ ಬಿಡಬಾರದು. ಆಮೇಲೆ ಹತ್ತಿಯಿಂದ ಸುಮ್ಮನೆ ಒತ್ತಿ ಹಿಡಿಯಿರಿ. ಉಜ್ಜಲೇಬೇಡಿ, ಉಜ್ಜಿದಷ್ಟೂ ನೀಲಿ ಕಲೆ ದೊಡ್ಡದಾಗುತ್ತದೆ. ಎಂಟನೇ ತಿಂಗಳ ಹೊತ್ತಿಗೆ ಹೊಟ್ಟೆ ಬಿಗಿದು ಮಡಿಕೆಯೇ ಸಿಗದಿದ್ದರೆ ಇನ್ನಷ್ಟು ಪಕ್ಕಕ್ಕೆ ಸರಿಯಬಹುದು, ಅಥವಾ ತೊಡೆಯ ಹೊರಬದಿಗೆ ಹಾಕಿಕೊಳ್ಳಬಹುದು.

ಒಂದು ಡೋಸ್ ಮರೆತರೆ ಎರಡನ್ನೂ ಒಟ್ಟಿಗೆ ಹಾಕಿಕೊಳ್ಳುವಂತಿಲ್ಲ, ಫೋನ್ ಮಾಡಿ ಕೇಳಿ. ಸಿರಿಂಜುಗಳಿಗೆ ಫ್ರೀಜರ್ ಆಗದು. ಪೆಟ್ಟಿಗೆಯ ಮೇಲೆ ಬರೆದಿರುವ ಉಷ್ಣತೆ ನೋಡಿಕೊಂಡು ಮನೆಯ ತಂಪಾದ ಮೂಲೆಯಲ್ಲಿಡಿ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಕಿಟಕಿಯ ಮೇಲೋ ಕಾರಿನೊಳಗೋ ಬಿಟ್ಟರೆ ಕೆಟ್ಟಂತೆ. ಬಳಸಿದ ಸೂಜಿಯನ್ನು ಕಸದ ಚೀಲಕ್ಕೆ ಎಸೆಯುವುದು ಪೌರಕಾರ್ಮಿಕರ ಕೈಗೆ ಚುಚ್ಚಿದಂತೆಯೇ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು ಆಸ್ಪತ್ರೆಗೆ ಕೊಡಿ.

ಚುಚ್ಚಿದಲ್ಲಿ ನೀಲಿಯಾಗುವುದು, ಸಣ್ಣ ಗಂಟು, ತುರಿಕೆ ಮಾಮೂಲು. ಮೈತುಂಬ ಗಂಧೆ ಎದ್ದರೆ, ಮೂತ್ರದಲ್ಲಿ ರಕ್ತ ಕಂಡರೆ, ಮಲ ಟಾರಿನಂತೆ ಕಪ್ಪಾದರೆ, ಯೋನಿಯಿಂದ ರಕ್ತ ಹೋದರೆ ಅದು ಮಾಮೂಲಲ್ಲ. ಪ್ಲೇಟ್‌ಲೆಟ್ ಕುಸಿಯುವ ಅಪರೂಪದ ತೊಂದರೆಯೊಂದಿದೆ. ರಕ್ತಪರೀಕ್ಷೆಗೆ ಬರಹೇಳಿದರೆ ತಪ್ಪಿಸಬೇಡಿ. ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೊಫಿನಾಕ್ ಬೇಡ, ಪ್ಯಾರಾಸಿಟಮಾಲ್ ಸಾಕು. ಧನುರ್ವಾಯು ಲಸಿಕೆ ಹಾಕುವ ಸಿಸ್ಟರ್‌ಗೂ, ಹಲ್ಲಿನ ಡಾಕ್ಟರಿಗೂ ಈ ಮದ್ದಿನ ವಿಷಯ ಮೊದಲೇ ತಿಳಿಸಿ.

ನಮ್ಮ ಕಡೆ ಎಡವಟ್ಟಾಗುವುದು ಹೆಚ್ಚಾಗಿ ಸೀಮಂತದ ನಂತರ. ಏಳನೇ ತಿಂಗಳಿಗೆ ತವರಿಗೆ ಹೊರಟವಳ ಊರೂ ಬದಲು, ವೈದ್ಯರೂ ಬದಲು. ಹೊಸ ಜಾಗದ ಮೆಡಿಕಲ್ ಸ್ಟೋರಿನಲ್ಲಿ ಅದೇ ಡೋಸಿನ ಸಿರಿಂಜ್ ಸಿಗುವುದೇ ಎಂದು ಮೊದಲೇ ವಿಚಾರಿಸಿ, ಎರಡು ವಾರಕ್ಕಾಗುವಷ್ಟು ಕೈಯಲ್ಲಿಟ್ಟುಕೊಂಡೇ ಹೊರಡಿ. ತಾಯಿ ಕಾರ್ಡಿನಲ್ಲಿ ಮದ್ದಿನ ಹೆಸರು, ಡೋಸ್, ಕಾರಣ ಮೂರೂ ಇರಲಿ.

ಹೆರಿಗೆ ಹತ್ತಿರವಾದಾಗ ಆ ಕಾರ್ಡಿಗೆ ಇನ್ನೊಂದು ಸಾಲು ಸೇರಬೇಕು: ಕೊನೆಯ ಡೋಸ್ ಎಷ್ಟು ಗಂಟೆಗೆ. ಬೆನ್ನುಮೂಳೆಯ ಅರಿವಳಿಕೆ ಕೊಡಬೇಕಾದರೆ ತಡೆಗಟ್ಟುವ ಡೋಸ್ ಆಗಿ 12 ಗಂಟೆ, ಚಿಕಿತ್ಸೆಯ ದೊಡ್ಡ ಡೋಸ್ ಆಗಿ 24 ಗಂಟೆ ಕಳೆದಿರಬೇಕು. ಇಲ್ಲದಿದ್ದರೆ ಬೆನ್ನುಹುರಿಯ ಸುತ್ತ ರಕ್ತ ತುಂಬಿಕೊಳ್ಳುವ ಭಯ. ತುರ್ತು ಸಿಸೇರಿಯನ್ನಿನಲ್ಲಿ ಅಷ್ಟು ಕಾಯುವಂತಿಲ್ಲದಿದ್ದರೆ ಪೂರ್ತಿ ಪ್ರಜ್ಞೆ ತಪ್ಪಿಸಬೇಕಾಗುತ್ತದೆ. ಹಾಗಾಗಿ ನೋವು ಶುರುವಾದರೆ, ನೀರು ಹೋದರೆ, ರಕ್ತ ಕಂಡರೆ ಮುಂದಿನ ಡೋಸ್ ಹಾಕಿಕೊಳ್ಳದೆ ಆಸ್ಪತ್ರೆಗೆ ಹೊರಡಿ.

ಮಗು ಹುಟ್ಟಿತು, ಇನ್ನೇಕೆ ಸೂಜಿ ಎಂದು ನಿಲ್ಲಿಸುವವರಿದ್ದಾರೆ. ಇದು ಎಲ್ಲಕ್ಕಿಂತ ಅಪಾಯದ ತೀರ್ಮಾನ. ಹೆಪ್ಪುಗಟ್ಟುವ ಸಂಭವ ಬಸುರಿಗಿಂತ ಬಾಣಂತನದಲ್ಲೇ ಹೆಚ್ಚು, ಅದರಲ್ಲೂ ಮೊದಲ ಮೂರು ವಾರ. ನಮ್ಮ ಬಾಣಂತಿ ಕೋಣೆಯ ಕಟ್ಟುಪಾಡುಗಳು ಅದಕ್ಕೆ ಕೈಜೋಡಿಸುತ್ತವೆ. ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ಲೋಟ ಕಸಿದುಕೊಳ್ಳುವುದು, ಕಿಟಕಿ ಮುಚ್ಚಿ ಬೆವರಿಸುವುದು, ಮಂಚದಿಂದ ಇಳಿಯಗೊಡದಿರುವುದು. ದೇಹದಲ್ಲಿ ನೀರು ಕಡಿಮೆಯಾಗಿ ಮೈ ಅಲ್ಲಾಡದೆ ಬಿದ್ದರೆ ಕಾಲಿನಲ್ಲಷ್ಟೇ ಅಲ್ಲ, ಮಿದುಳಿನ ಅಭಿಧಮನಿಗಳಲ್ಲೂ ಹೆಪ್ಪು ಕೂರಬಹುದು. ಬಿಡದ ತಲೆನೋವು, ವಾಂತಿ, ಫಿಟ್ಸ್, ಒಂದು ಬದಿಯ ಕೈಕಾಲು ಸೋಲುವುದು ಅದರ ಲಕ್ಷಣ. ಹಿಂದೆ ಇದನ್ನೇ ಎಷ್ಟೋ ಮನೆಗಳಲ್ಲಿ ‘ಬಾಣಂತಿ ಸನ್ನಿ’ ಎಂದು ಕಷಾಯ ಕುಡಿಸಿ ಕೂರಿಸಿದ್ದುಂಟು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇಂಥ ಬಾಣಂತಿಯರನ್ನು ದಶಕಗಳಿಂದ ಕಂಡಿದ್ದಾರೆ. ಕಡಿಮೆ ಡೋಸಿನ ಹೆಪಾರಿನ್ ಅವರಿಗೆ ನೆರವಾಗುತ್ತದೆಂದು 1999ರಲ್ಲೇ ಬರೆದಿದ್ದಾರೆ. ಎಣ್ಣೆಸ್ನಾನ, ಮೆಣಸಿನ ಸಾರು, ಬೆಳ್ಳುಳ್ಳಿ ಇರಲಿ, ತಕರಾರಿಲ್ಲ. ನೀರಿನ ತಂಬಿಗೆ ಮಂಚದ ಪಕ್ಕ ಇರಲಿ, ದಿನಕ್ಕೆ ನಾಲ್ಕು ಸಲವಾದರೂ ಎದ್ದು ಓಡಾಡಲಿ.

ರಕ್ತಸ್ರಾವ ಹತೋಟಿಯಲ್ಲಿದ್ದರೆ ಸಹಜ ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ, ಸಿಸೇರಿಯನ್ ಆದ 6ರಿಂದ 12 ಗಂಟೆಗಳಲ್ಲಿ ಇಂಜೆಕ್ಷನ್ ಮತ್ತೆ ಶುರುವಾಗುತ್ತದೆ. ಹೆಚ್ಚು ಅಪಾಯವಿರುವವರಿಗೆ 6 ವಾರ, ಕೆಲವರಿಗೆ 10 ದಿನ ಸಾಕು. ಎದೆಹಾಲಿಗೆ ತೊಂದರೆಯಿಲ್ಲ. ಹೆರಿಗೆಯ ನಂತರ ವಾರ್ಫರಿನ್ನಿಗೆ ಬದಲಾಯಿಸಿದರೂ ಹಾಲೂಡಿಸಬಹುದು.

ಒಂದೇ ಕಾಲು ಊದಿ ನೋಯುತ್ತಿದ್ದರೆ, ತಟ್ಟನೆ ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ, ಕೆಮ್ಮಿದಾಗ ರಕ್ತ ಬಂದರೆ, ಇಂಜೆಕ್ಷನ್ ತಪ್ಪದೆ ತೆಗೆದುಕೊಳ್ಳುತ್ತಿದ್ದರೂ ಬೆಳಗಿನವರೆಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ. ಡಿಸ್ಚಾರ್ಜ್ ಆಗುವ ದಿನವೇ ಇಂಜೆಕ್ಷನ್ ನಿಲ್ಲಿಸುವ ತಾರೀಖನ್ನು ವೈದ್ಯರಿಂದ ಬರೆಸಿಕೊಳ್ಳಿ, ಅವರನ್ನು ಕೇಳದೆ ಅದಕ್ಕಿಂತ ಮೊದಲು ನಿಲ್ಲಿಸಬೇಡಿ.