ಬೆರಳಿನ ನೆನಪು, ನಕ್ಷೆಯ ನೆನಪು

ತಮಿಳುನಾಡಿನ ಪೋತನೂರಿನಿಂದ ಪೊಳ್ಳಾಚಿಗೆ ಹೋಗುವ ರೈಲು ನಡುವೆ ಕಿಣತ್ತುಕಡವಿನಲ್ಲಿ ನಿಲ್ಲುತ್ತದೆ. ಆ ರೈಲಿನಲ್ಲಿ ದಿನವೂ ಓಡಾಡುವವರಿಗೆ ನಿಲ್ದಾಣಗಳ ಸರದಿ ಬಾಯಿಪಾಠ. ಯಾವ ತಿರುವಿನಲ್ಲಿ ಎದ್ದು ಬಾಗಿಲ ಬಳಿ ಬರಬೇಕು ಎಂಬುದು ಕಾಲಿಗೇ ಗೊತ್ತಿರುತ್ತದೆ. ಆದರೆ ಹಳಿಯಿಂದ ಎರಡು ಮೈಲಿ ದೂರದ ತೆಂಗಿನ ತೋಟದಲ್ಲಿ ಅವರನ್ನು ಇಳಿಸಿದರೆ ಊರು ಯಾವ ದಿಕ್ಕಿಗಿದೆ ಎಂದು ಹೇಳಲಾರರು. ಸುತ್ತಲಿನ ಹಳ್ಳಿಗಳಲ್ಲಿ ಬೆಳೆದವರ ಮಾತು ಬೇರೆ. ವೇಲಾಯುಧಸ್ವಾಮಿಯ ಗುಡಿಯಿರುವ ಪೊನ್ಮಲೈ ಗುಡ್ಡ ಎಡಕ್ಕೆ ಕಂಡಿತೋ ಬಲಕ್ಕೆ ಕಂಡಿತೋ ನೋಡಿಕೊಂಡು, ಹಿಂದೆಂದೂ ನಡೆಯದ ಅಡ್ಡದಾರಿಯಲ್ಲೂ ಮನೆ ಸೇರುತ್ತಾರೆ.

ಇವು ಒಂದೇ ತಿಳಿವಳಿಕೆಯ ಹೆಚ್ಚು ಕಡಿಮೆ ಅಲ್ಲ, ಎರಡು ಬೇರೆ ತಿಳಿವಳಿಕೆಗಳು. ಜಾಗದ ಅರಿವು ನಮ್ಮಲ್ಲಿ ಹೇಗೆ ಬೆಳೆಯುತ್ತದೆ ಎಂದು 1975ರಲ್ಲಿ ಬರೆದ ಮನಶ್ಶಾಸ್ತ್ರಜ್ಞರಾದ ಸೀಗಲ್ ಮತ್ತು ವೈಟ್ ಇದನ್ನು ಹೆಗ್ಗುರುತಿನ ಅರಿವು, ದಾರಿಯ ಅರಿವು, ನಕ್ಷೆಯ ಅರಿವು ಎಂದು ವಿಂಗಡಿಸಿದರು. ಇವುಗಳಲ್ಲಿ ಕೊನೆಯ ಎರಡರ ವ್ಯತ್ಯಾಸ ನನಗೆ ತುಂಬ ಸ್ಪಷ್ಟವಾಗಿ ಕಾಣುವುದು ಒಂದು ವಿಡಿಯೋ ಗೇಮ್ ಸರಣಿಯಲ್ಲಿ. ಜಪಾನಿನ ಕೊನಾಮಿ ಕಂಪನಿಯ ‘ಕ್ಯಾಸಲ್‌ವೇನಿಯಾ’ 1989ರಿಂದ 2008ರವರೆಗೆ ಅಂಗೈಯಗಲದ ಯಂತ್ರಗಳ ಮೇಲೆ ಎರಡು ಬಗೆಯಲ್ಲಿ ಬಂತು. ಮೊದಲ ಬಗೆ ಪೂರ್ತಿ ದಾರಿಯ ಆಟ, ಎರಡನೆಯದು ನಕ್ಷೆಯ ಆಟ. ಕೈಯಲ್ಲಿ ಚಾವಟಿ ಹಿಡಿದವನು ಡ್ರಾಕುಲಾನ ಕೋಟೆಗೆ ನುಗ್ಗುವ ಕಥೆ ಎರಡರಲ್ಲೂ ಹೆಚ್ಚುಕಡಿಮೆ ಅದೇ. ಆಡುವವರ ಮಿದುಳಿನಲ್ಲಿ ನಡೆಯುವ ಕೆಲಸ ಮಾತ್ರ ಬೇರೆ.

ಮೊದಲ ಬಗೆಯಿಂದ ಶುರು ಮಾಡೋಣ. ನಿಂಟೆಂಡೊ ಕಂಪನಿಯ ಗೇಮ್ ಬಾಯ್ 1989ರ ಏಪ್ರಿಲ್‌ನಲ್ಲಿ ಜಪಾನಿನ ಅಂಗಡಿಗಳಿಗೆ ಬಂತು. ನಾಲ್ಕು ಪೆನ್‌ಸೆಲ್ ಹಾಕಿದರೆ ನಡೆಯುವ ಯಂತ್ರ. ಪರದೆಯಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕಿಗಳು, ಬಣ್ಣವಿಲ್ಲ, ಹಸಿರು ಮಿಶ್ರಿತ ನಾಲ್ಕು ಛಾಯೆಗಳಷ್ಟೇ. ಅದೇ ವರ್ಷ ಅದರ ಮೇಲೆ ‘ಕ್ಯಾಸಲ್‌ವೇನಿಯಾ: ದಿ ಅಡ್ವೆಂಚರ್’ ಬಂತು. ನಾಯಕ ಕ್ರಿಸ್ಟೋಫರ್ ಬೆಲ್ಮಾಂಟ್. ಇರುವುದು ನಾಲ್ಕೇ ಸ್ಟೇಜ್. ಆದರೂ ಮುಗಿಸಿದವರು ಕಡಿಮೆ. ನಾಯಕನ ನಡಿಗೆ ತೀರಾ ನಿಧಾನ. ಏಟು ಬಿದ್ದರೆ ಕಷ್ಟಪಟ್ಟು ಬಲಪಡಿಸಿಕೊಂಡ ಚಾವಟಿಯ ಶಕ್ತಿಯೂ ಇಳಿದುಹೋಗುತ್ತದೆ. ಆಟವನ್ನು ಅರ್ಧಕ್ಕೆ ಸೇವ್ ಮಾಡಿಡುವ ಅನುಕೂಲವೂ ಇಲ್ಲ.

ಇಂಥ ಆಟ ಯಾಕೆ ಅಷ್ಟು ಕಷ್ಟ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ನಾಯಕ ಪರದೆಯ ಮಧ್ಯದಲ್ಲಿ ನಿಂತಿದ್ದಾನೆ ಎನ್ನಿ. ಅಂಚಿಗೆ ಅವನಿಂದ 80 ಚುಕ್ಕಿ ದೂರ. ಗೇಮ್ ಬಾಯ್ ಸೆಕೆಂಡಿಗೆ ಸುಮಾರು 60 ಸಲ ಚಿತ್ರ ಬದಲಿಸುತ್ತದೆ. ಪ್ರತಿ ಸಲವೂ ಎರಡು ಚುಕ್ಕಿಯಷ್ಟು ಮುಂದೆ ಬರುವ ಶತ್ರು ಅಂಚಿನಲ್ಲಿ ಕಾಣಿಸಿಕೊಂಡರೆ, ಅದು ನಾಯಕನನ್ನು ಮುಟ್ಟಲು 40 ಚಿತ್ರಗಳು, ಅಂದರೆ ಒಂದು ಸೆಕೆಂಡಿನ ಮೂರನೇ ಎರಡು ಭಾಗ ಹಿಡಿಯುತ್ತದೆ. ಕಣ್ಣು ಕಂಡದ್ದಕ್ಕೆ ಬೆರಳು ಸ್ಪಂದಿಸಲು ಮನುಷ್ಯನಿಗೆ ಸುಮಾರು ಕಾಲು ಸೆಕೆಂಡ್ ಬೇಕು. ಉಳಿದ ಅರೆ ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ನೆಗೆಯಬೇಕೋ ಹೊಡೆಯಬೇಕೋ ಎಂದು ತೀರ್ಮಾನಿಸಿ ಆ ಕೆಲಸ ಮುಗಿಸಿರಬೇಕು. ಜೊತೆಗೆ ಆ ಕಾಲದ ದ್ರವಸ್ಫಟಿಕ ಪರದೆ ಬಲು ಮಂದ. ಬೇಗ ಚಲಿಸಿದ್ದೆಲ್ಲ ಕಲಸಿಹೋದಂತೆ ಕಾಣುತ್ತಿತ್ತು.

ಹೀಗಾಗಿ ಕಂಡ ಮೇಲೆ ಸ್ಪಂದಿಸುವವರು ಈ ಆಟದಲ್ಲಿ ಸೋಲುತ್ತಾರೆ. ಬರುವುದನ್ನು ಮೊದಲೇ ಬಲ್ಲವರು ಗೆಲ್ಲುತ್ತಾರೆ. ಸತ್ತು ಸತ್ತು ಮತ್ತೆ ಅದೇ ಜಾಗಕ್ಕೆ ಬಂದಾಗ ಮಿದುಳು ಒಂದು ಸರಣಿಯನ್ನು ಕಟ್ಟಿಕೊಳ್ಳುತ್ತದೆ: ಇಲ್ಲಿ ಮೂರು ಹೆಜ್ಜೆ, ಇಲ್ಲಿ ನೆಗೆತ, ಇಲ್ಲಿ ಒಂದು ಕ್ಷಣ ತಡೆ, ಆಮೇಲೆ ಚಾವಟಿ. ಮಿದುಳಿನ ಆಳದಲ್ಲಿರುವ ಸ್ಟ್ರಯೇಟಮ್ ಎಂಬ ಭಾಗ ಇಂಥ ಅಭ್ಯಾಸಗಳ ಮನೆ. ಸೈಕಲ್ ಕಲಿತದ್ದು ಮರೆಯದಿರುವುದಕ್ಕೂ ಇದೇ ಜಾಲ ನೆರವಾಗುತ್ತದೆ. ಈ ಕಲಿಕೆ ನಿಧಾನ, ಬೇಸರ ತರಿಸುವಂಥದ್ದು. ಒಮ್ಮೆ ಕೂತರೆ ಮಾತ್ರ ಅಲುಗದು.

1991ರ ‘ಬೆಲ್ಮಾಂಟ್ಸ್ ರಿವೆಂಜ್’ ಇದೇ ಬಗೆಯ ಆಟದ ಪಕ್ವ ರೂಪ. ಅದೇ ಪುಟ್ಟ ಯಂತ್ರ, ಅದೇ ನಾಯಕ. ಆದರೆ ಅನ್ಯಾಯವಾಗಿ ಕೊಲ್ಲುವ ಜಾಗಗಳು ಕಡಿಮೆ. ಮೊದಲ ನಾಲ್ಕು ಕೋಟೆಗಳನ್ನು ನಮಗೆ ಬೇಕಾದ ಸರದಿಯಲ್ಲಿ ಆಡಬಹುದು, ಪಾಸ್‌ವರ್ಡ್ ಬರೆದಿಟ್ಟುಕೊಂಡು ಮರುದಿನ ಮುಂದುವರಿಸಬಹುದು. ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ ಆಡುವ ಯಂತ್ರಕ್ಕೆ ಈ ಪಾಸ್‌ವರ್ಡ್ ಎಷ್ಟು ದೊಡ್ಡ ಉಪಕಾರ ಎಂಬುದು ಹಿಂದಿನ ಆಟ ಆಡಿದವರಿಗೇ ಗೊತ್ತು. 1997ರಲ್ಲಿ ಸೋನಿಯಾ ಬೆಲ್ಮಾಂಟ್ ಎಂಬ ನಾಯಕಿಯನ್ನು ತಂದ ‘ಲೆಜೆಂಡ್ಸ್’ ಈ ಬಗೆಗೆ ಹೊಸದೇನನ್ನೂ ಸೇರಿಸಲಿಲ್ಲ. ಸರಣಿಯ ಅಧಿಕೃತ ಕಥಾಕ್ರಮದಿಂದಲೂ ಅದನ್ನು ಮುಂದೆ ಕೈಬಿಟ್ಟರು.

ಅದೇ 1997ರಲ್ಲಿ ಸರಣಿಯ ದಿಕ್ಕು ಬದಲಾಯಿತು. ಪ್ಲೇಸ್ಟೇಷನ್‌ಗೆ ಬಂದ ‘ಸಿಂಫನಿ ಆಫ್ ದಿ ನೈಟ್’ ಸ್ಟೇಜ್‌ಗಳನ್ನೆಲ್ಲ ಒಡೆದು ಇಡೀ ಕೋಟೆಯನ್ನು ಒಂದೇ ಕಟ್ಟಡ ಮಾಡಿತು. ಎಲ್ಲಿಗೆ ಬೇಕಾದರೂ ಹೋಗಿ, ಹೋಗಲಾಗದಿದ್ದರೆ ಮತ್ತೆ ಬನ್ನಿ ಎಂಬುದು ಅದರ ನಿಯಮ. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಕೊಜಿ ಇಗರಾಶಿ ಇದಕ್ಕೆ ಪ್ರೇರಣೆ ‘ಜೆಲ್ಡಾ’ ಎಂದು ಮುಂದೆ ಹೇಳಿದ್ದಾರೆ. ಆದರೆ ನಿಂಟೆಂಡೊದ 1986ರ ‘ಮೆಟ್ರಾಯ್ಡ್’ ಆಟವೂ ಇದೇ ಜಾಡಿನದು. ಹಾಗಾಗಿ ಎರಡು ಹೆಸರು ಬೆಸೆದು ‘ಮೆಟ್ರಾಯ್ಡ್‌ವೇನಿಯಾ’ ಎಂದು ಆಟಗಾರರು ಈ ಬಗೆಯನ್ನು ಕರೆಯತೊಡಗಿದರು.

ಅಂಗೈಗೆ ಈ ಬಗೆ ಇಳಿದದ್ದು 2001ರಲ್ಲಿ. ಗೇಮ್ ಬಾಯ್ ಅಡ್ವಾನ್ಸ್ ಯಂತ್ರದ ಜೊತೆಗೇ ‘ಸರ್ಕಲ್ ಆಫ್ ದಿ ಮೂನ್’ ಬಂತು. ಪರದೆ ಈಗ 240 ಚುಕ್ಕಿ ಅಗಲ. ಮೇಲಿನ ಲೆಕ್ಕವನ್ನೇ ಮತ್ತೆ ಹಾಕಿದರೆ ಅಂಚಿನ ಶತ್ರು ತಲುಪಲು ಪೂರ್ತಿ ಒಂದು ಸೆಕೆಂಡ್. ಶತ್ರು ಮುಟ್ಟುವವರೆಗಿನ ಹೊತ್ತು ಒಂದೂವರೆ ಪಟ್ಟಾಯಿತು. ಆದರೆ ಪರದೆಗೆ ಬೆಳಕಿರಲಿಲ್ಲ, ಆಟವೋ ಕಗ್ಗತ್ತಲ ಕೋಟೆ. ಕಿಟಕಿಯ ಪಕ್ಕ ಕೂತು ಯಂತ್ರವನ್ನು ಓರೆಯಾಗಿಟ್ಟು ಆಡಬೇಕಿತ್ತು. ಮರುವರ್ಷ ಬಂದ ‘ಹಾರ್ಮನಿ ಆಫ್ ಡಿಸೊನೆನ್ಸ್’ ಬಣ್ಣಗಳನ್ನು ತಿಳಿಗೊಳಿಸಿ, ನಾಯಕನ ಸುತ್ತ ಎದ್ದು ಕಾಣುವ ಅಂಚುಗೆರೆ ಎಳೆದು ಈ ಕೊರತೆಯನ್ನು ಸರಿದೂಗಿಸಿತು.

‘ಸರ್ಕಲ್ ಆಫ್ ದಿ ಮೂನ್’ನ ನಾಯಕ ನೇಥನ್‌ಗೆ ಮೊದಲಿಗೆ ಓಡುವುದಕ್ಕೂ ಬಾರದು. ಓಡುವ ಬೂಟು ಒಂದು ಕಡೆ ಸಿಗುತ್ತದೆ, ಗಾಳಿಯಲ್ಲೇ ಇನ್ನೊಮ್ಮೆ ನೆಗೆಯುವ ಶಕ್ತಿ ಇನ್ನೊಂದು ಕಡೆ, ಗೋಡೆಯನ್ನು ಒದ್ದು ಮೇಲೇರುವ ಶಕ್ತಿ ಮತ್ತೊಂದು ಕಡೆ. ಅದಕ್ಕೂ ಮೊದಲು ಕೈಗೆಟುಕದ ಎಷ್ಟೋ ಅಟ್ಟಗಳು, ದಾಟಲಾಗದ ಎಷ್ಟೋ ಕಂದರಗಳು ಕಣ್ಣಿಗೆ ಬಿದ್ದಿರುತ್ತವೆ. ಹೊಸ ಶಕ್ತಿ ಸಿಕ್ಕ ಕೂಡಲೇ ‘ಆ ಅಟ್ಟ ಎಲ್ಲಿತ್ತು?’ ಎಂದು ಮನಸ್ಸು ಹಿಂದಕ್ಕೆ ಓಡುತ್ತದೆ. ಮುಂದೆ ಮಾಡಬೇಕಾದ್ದನ್ನು ಸರಿಯಾದ ಜಾಗದೊಂದಿಗೆ ಗಂಟು ಹಾಕಿ ನೆನಪಿಡುವ ಈ ಕೆಲಸ ಬೆರಳಿನ ಕೆಲಸವಲ್ಲ. ಇದಕ್ಕೆ ಬೇಕಾದದ್ದು ಮಿದುಳಿನ ಇನ್ನೊಂದು ಭಾಗವಾದ ಹಿಪೊಕ್ಯಾಂಪಸ್.

ಹಿಪೊಕ್ಯಾಂಪಸ್‌ನ ಕಥೆ ವಿಜ್ಞಾನದ ಸೊಗಸಾದ ಕಥೆಗಳಲ್ಲಿ ಒಂದು. ಇಲಿಗಳ ತಲೆಯಲ್ಲೂ ಮನುಷ್ಯರ ತಲೆಯಲ್ಲೂ ಜಾಗದ ನಕ್ಷೆ ಇರುತ್ತದೆ ಎಂದು ಎಡ್ವರ್ಡ್ ಟೋಲ್ಮನ್ 1948ರಲ್ಲಿ ಬರೆದಾಗ ಅದು ಬರೀ ಊಹೆಯಂತಿತ್ತು. 1971ರಲ್ಲಿ ಜಾನ್ ಓಕೀಫ್ ಇಲಿಯ ಹಿಪೊಕ್ಯಾಂಪಸ್‌ನಲ್ಲಿ, ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಮಿಡಿಯುವ ನರಕೋಶಗಳನ್ನು ಕಂಡರು. 2005ರಲ್ಲಿ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ಅದರ ಪಕ್ಕದ ಭಾಗದಲ್ಲಿ ಇಡೀ ನೆಲವನ್ನು ಷಡ್ಭುಜದ ಜಾಲವಾಗಿ ಗುರುತಿಸುವ ಕೋಶಗಳನ್ನು ತೋರಿಸಿದರು. 2014ರ ವೈದ್ಯಕೀಯ ನೊಬೆಲ್ ಈ ಮೂವರಿಗೆ ಬಂತು.

ಎರಡು ನೆನಪುಗಳು ಬೇರೆ ಎಂಬುದನ್ನು ಚೊಕ್ಕವಾಗಿ ತೋರಿಸಿದ್ದು 1996ರಲ್ಲಿ ಪ್ಯಾಕರ್ಡ್ ಮತ್ತು ಮೆಕ್‌ಗಾ ನಡೆಸಿದ ಪ್ರಯೋಗ. ಕೂಡುರಸ್ತೆಯ ಆಕಾರದ ಜಾಲದಲ್ಲಿ ಇಲಿಗೆ ಯಾವಾಗಲೂ ಒಂದೇ ತೋಳಿನಲ್ಲಿ ತಿಂಡಿ ಇಟ್ಟರು. ಎಂಟನೆಯ ದಿನ ಅದನ್ನು ಎದುರು ದಿಕ್ಕಿನಿಂದ ಬಿಟ್ಟಾಗ ಹೆಚ್ಚಿನ ಇಲಿಗಳು ತಿಂಡಿಯ ಜಾಗಕ್ಕೇ ಹೋದವು. ಜಾಗ ಅವಕ್ಕೆ ಗೊತ್ತಿತ್ತು. ಇನ್ನೂ ತರಬೇತಿ ಕೊಟ್ಟು ಹದಿನಾರನೆಯ ದಿನ ಹಾಗೇ ಬಿಟ್ಟರೆ ಹೆಚ್ಚಿನವು ಅಭ್ಯಾಸದ ಬದಿಗೇ ತಿರುಗಿ ತಪ್ಪು ತೋಳಿಗೆ ಹೋದವು. ಜಾಗ ಹಿಂದೆ ಸರಿದು ತಿರುವು ಮುಂದೆ ಬಂದಿತ್ತು. ಆ ಹೊತ್ತಿನಲ್ಲಿ ಸ್ಟ್ರಯೇಟಮ್‌ನ ಒಂದು ಭಾಗವನ್ನು ಔಷಧಿಯಿಂದ ಮಂಕಾಗಿಸಿದ ಇಲಿಗಳು ಮತ್ತೆ ಜಾಗವನ್ನು ಹುಡುಕಿಕೊಂಡು ಹೋದವು. ನಕ್ಷೆ ಅಳಿಸಿರಲಿಲ್ಲ, ಅಭ್ಯಾಸದ ಕೆಳಗೆ ಮುಚ್ಚಿಹೋಗಿತ್ತು.

ಈ ಪ್ರಯೋಗ ಎರಡು ಬಗೆಯ ಆಟಗಳ ನಡುವೆ ನಾವು ಎಳೆದ ಗೆರೆಯನ್ನು ಸ್ವಲ್ಪ ಸಡಿಲಿಸುತ್ತದೆ, ನನಗೆ ಅದು ಇಷ್ಟ. ಕೋಟೆಯನ್ನು ಮೊದಲ ಸಲ ಸುತ್ತುವವರು ನಕ್ಷೆ ಕಟ್ಟುತ್ತಾರೆ. ಅದೇ ಕೋಟೆಯನ್ನು ಗಡಿಯಾರ ಇಟ್ಟುಕೊಂಡು ನೂರಾರು ಸಲ ಓಡುವ ಸ್ಪರ್ಧಾಳುಗಳು ಅದನ್ನು ಮತ್ತೆ ಒಂದೇ ದಾರಿ ಮಾಡಿಬಿಡುತ್ತಾರೆ. ಅವರ ಕೈಯಲ್ಲಿ ನಕ್ಷೆಯ ಆಟವೂ ಬೆರಳಿನ ಆಟವೇ.

ಮನುಷ್ಯರ ಮೇಲೂ ಪರೀಕ್ಷೆಗಳಾಗಿವೆ. 2014ರಲ್ಲಿ ಜರ್ಮನಿಯ ಸಿಮೋನೆ ಕ್ಯೂನ್ ಮತ್ತು ಸಂಗಡಿಗರು ದಿನಕ್ಕೆ ಅರ್ಧ ಗಂಟೆಯಂತೆ ಎರಡು ತಿಂಗಳು ‘ಸೂಪರ್ ಮಾರಿಯೋ 64’ ಆಡಿದವರ ಬಲ ಹಿಪೊಕ್ಯಾಂಪಸ್‌ನಲ್ಲಿ ಬೂದುದ್ರವ್ಯ ಹೆಚ್ಚಾದದ್ದನ್ನು ಕಂಡರು. 2015ರಲ್ಲಿ ಕ್ಲೆಮೆನ್ಸನ್ ಮತ್ತು ಸ್ಟಾರ್ಕ್ ಒಂದು ಗುಂಪಿಗೆ ವಿಶಾಲ ಲೋಕದ ಮಾರಿಯೋ ಆಟವನ್ನೂ ಇನ್ನೊಂದಕ್ಕೆ ‘ಆ್ಯಂಗ್ರಿ ಬರ್ಡ್ಸ್’ ಅನ್ನೂ ಎರಡು ವಾರ ಆಡಿಸಿದರು. ಹಿಪೊಕ್ಯಾಂಪಸ್‌ಗೆ ಸಂಬಂಧಿಸಿದ ನೆನಪಿನ ಪರೀಕ್ಷೆಯಲ್ಲಿ ಸುಧಾರಿಸಿದ್ದು ಮೊದಲ ಗುಂಪು. ಆದರೆ ಈ ಮಾರಿಯೋ ಆಟಗಳು ಮೂರು ಆಯಾಮದವು, ಗುಂಪುಗಳೂ ಚಿಕ್ಕವು. ‘ಕ್ಯಾಸಲ್‌ವೇನಿಯಾ ಆಡಿದರೆ ಬುದ್ಧಿ ಚುರುಕಾಗುತ್ತದೆ’ ಎಂದು ಅಂಗಡಿಯವರು ಫಲಕ ಹಾಕಿದರೆ ನಂಬಬೇಡಿ. ಸುತ್ತಿ ನೋಡುವ ಆಟವೂ ಗುರಿಯಿಟ್ಟು ಹೊಡೆಯುವ ಆಟವೂ ಮಿದುಳಿನ ಮಟ್ಟಿಗೆ ಒಂದೇ ಅಲ್ಲ ಎಂಬಷ್ಟನ್ನು ಮಾತ್ರ ಇವುಗಳಿಂದ ತೆಗೆದುಕೊಳ್ಳಬಹುದು.

ಇನ್ನೊಂದು ವಿಷಯಕ್ಕೆ ಯಾರೂ ಸಾಕಷ್ಟು ಗಮನ ಕೊಟ್ಟಿಲ್ಲ ಎನಿಸುತ್ತದೆ. ಅಡ್ವಾನ್ಸ್ ಯಂತ್ರದಲ್ಲಿ ಕೋಟೆಯ ಮ್ಯಾಪ್ ನೋಡಬೇಕಾದರೆ ಆಟ ನಿಲ್ಲಿಸಿ ಬಟನ್ ಒತ್ತಬೇಕಿತ್ತು. ಆದ್ದರಿಂದ ಒಂದಷ್ಟು ನಕ್ಷೆ ತಲೆಯಲ್ಲೇ ಉಳಿಯುತ್ತಿತ್ತು. 2004ರ ನಿಂಟೆಂಡೊ ಡಿಎಸ್ ಯಂತ್ರಕ್ಕೆ ಎರಡು ಪರದೆ. 2005ರ ‘ಡಾನ್ ಆಫ್ ಸಾರೋ’ ಆಟದಲ್ಲಿ ಮ್ಯಾಪ್ ಅನ್ನು ಮೇಲಿನ ಪರದೆಯ ಮೇಲೆ ಇಟ್ಟುಕೊಂಡೇ ಆಡಬಹುದು. ಅನುಕೂಲವೇನೋ ಹೌದು. ಆದರೆ ಜಿಪಿಎಸ್ ಹೆಚ್ಚು ಬಳಸುವವರ ಜಾಗದ ನೆನಪು ದುರ್ಬಲವಾಗಿರುತ್ತದೆ ಎಂದು ದಹ್ಮಾನಿ ಮತ್ತು ಬೊಬೊ 2020ರಲ್ಲಿ ಪ್ರಕಟಿಸಿದ್ದನ್ನು ಇಲ್ಲಿ ನೆನೆಯಬೇಕು. ಕಣ್ಣೆದುರಿಗೇ ನಕ್ಷೆ ಇದ್ದರೆ ಮಿದುಳು ತನ್ನದನ್ನು ಬರೆದುಕೊಳ್ಳುವುದು ಕಡಿಮೆಯಾಗಬಹುದು. ಸೋತ ಬಾಸ್‌ನ, ಅಂದರೆ ದೊಡ್ಡ ಶತ್ರುವಿನ, ಮೇಲೆ ಪರದೆಯನ್ನು ಕಡ್ಡಿಯಿಂದ ಮುಟ್ಟಿ ಮುದ್ರೆ ಬರೆಯಬೇಕೆಂಬ ನಿಯಮವನ್ನೂ ‘ಡಾನ್ ಆಫ್ ಸಾರೋ’ ತಂದಿತು. ಗೆರೆ ತಪ್ಪಿದರೆ ಬಾಸ್ ಚೇತರಿಸಿಕೊಂಡು ಏಳುತ್ತಾನೆ. ನಕ್ಷೆಯ ನೆನಪಿನ ಕೆಲಸವನ್ನು ಯಂತ್ರ ತಾನೇ ವಹಿಸಿಕೊಂಡು, ಬೆರಳಿನ ನೆನಪಿಗೆ ಒಂದು ಹೊಸ ಕೆಲಸ ಕೊಟ್ಟಂತಾಯಿತು.

ಸ್ಟೇಜ್ ಆಟಗಳಿಂದ ಸುತ್ತಾಟದ ಆಟಗಳಿಗೆ ಬಂದದ್ದನ್ನು ಬರೀ ಪ್ರಗತಿ ಎಂದು ಹೇಳುವವರ ಜೊತೆ ನನಗೆ ಒಪ್ಪಿಗೆಯಿಲ್ಲ. ಹಳೆಯ ಆಟದಲ್ಲಿ ಬಲಿಯುವುದು ಆಡುವವರು. ಹೊಸ ಆಟದಲ್ಲಿ ಎಷ್ಟೋ ಸಲ ಬಲಿಯುವುದು ನಾಯಕನ ಅಂಕಿಗಳು. ಬಾಸ್ ಕಷ್ಟವಾದರೆ ನಾಲ್ಕು ಕೋಣೆ ಹಿಂದೆ ಹೋಗಿ ಅಸ್ಥಿಪಂಜರಗಳನ್ನು ಹೊಡೆಯುತ್ತ ಕೂತರೆ ಸಾಕು, ಅನುಭವದ ಅಂಕ ಏರುತ್ತದೆ, ಬಾಸ್ ತಾನಾಗಿ ಸುಲಭನಾಗುತ್ತಾನೆ. ಕೈ ಏನನ್ನೂ ಕಲಿತಿರುವುದಿಲ್ಲ. 2003ರ ‘ಏರಿಯಾ ಆಫ್ ಸಾರೋ’ ಇಡೀ ಸರಣಿಯಲ್ಲೇ ಸುಂದರವಾಗಿ ಹೆಣೆದ ಕೋಟೆಗಳಲ್ಲಿ ಒಂದು, ಶತ್ರುಗಳ ಆತ್ಮಗಳನ್ನು ಹೀರಿ ಅವರ ಶಕ್ತಿ ಪಡೆಯುವ ಅದರ ವಿಧಾನ ಅದ್ಭುತ. ಆದರೂ ಅದನ್ನು ಮುಗಿಸಿದವರ ಬೆರಳುಗಳು ‘ಬೆಲ್ಮಾಂಟ್ಸ್ ರಿವೆಂಜ್’ ಮುಗಿಸಿದವರ ಬೆರಳುಗಳಷ್ಟು ಪಳಗಿರುವುದಿಲ್ಲ.

ಎರಡನ್ನೂ ಕೂಡಿಸುವ ಧೈರ್ಯ ಮಾಡಿದ್ದು 2008ರ ‘ಆರ್ಡರ್ ಆಫ್ ಎಕ್ಲೀಸಿಯಾ’. ನಾಯಕಿ ಶನೋವಾ ಮೊದಲು ಹೋಗುವುದು ಡ್ರಾಕುಲಾನ ಕೋಟೆಗಲ್ಲ. ಕಾಡು, ಗುಹೆ, ದೀಪಸ್ತಂಭ ಎಂದು ಬಿಡಿ ಬಿಡಿ ತಾಣಗಳಿಗೆ. ಅವುಗಳಲ್ಲಿ ಹಲವು ಹಳೆಯ ಸ್ಟೇಜ್‌ಗಳಂತೆ ನೇರ, ಕೆಲವು ಬೇಸರವಾಗುವಷ್ಟು ನೇರ. ಅಲ್ಲಿನ ಬಾಸ್‌ಗಳು ಅಂಕಿಗಳಿಗೆ ಬಗ್ಗುವವರಲ್ಲ. ದೀಪಸ್ತಂಭದಲ್ಲಿ ಬೆನ್ನಟ್ಟಿ ಮೇಲೇರುವ ದೈತ್ಯ ಏಡಿಯ ಒಂದೊಂದು ಚಲನೆಯನ್ನೂ ಓದಲು ಕಲಿಯಲೇಬೇಕು. ಒಂದೂ ಏಟು ತಿನ್ನದೆ ಬಾಸ್‌ಗಳನ್ನು ಗೆದ್ದವರಿಗೆ ಪದಕವೂ ಉಂಟು. ಕಾಣೆಯಾದ ಹಳ್ಳಿಗರನ್ನೆಲ್ಲ ಹುಡುಕಿ ಬಿಡಿಸಿದ ಮೇಲೆ ಕಥೆ ಮುಂದಕ್ಕೆ ಸಾಗಿ ಕೋಟೆ ತೆರೆದುಕೊಳ್ಳುತ್ತದೆ. ಆಗ ಪಳಗಿದ ಕೈಯೊಂದಿಗೆ ಸುತ್ತಾಟ ಶುರುವಾಗುತ್ತದೆ. ನನ್ನ ಮಟ್ಟಿಗೆ ಅಂಗೈ ಯಂತ್ರಗಳ ಕ್ಯಾಸಲ್‌ವೇನಿಯಾಗಳಲ್ಲಿ ಇದೇ ಎಲ್ಲಕ್ಕಿಂತ ಮೇಲು.

ಹಳೆಯ ಯಂತ್ರಗಳನ್ನು ಹುಡುಕಿ ಹೋಗಬೇಕಾಗಿಲ್ಲ. ಕೊನಾಮಿಯೇ ಈ ಆಟಗಳನ್ನು ಈಗಿನ ಕಂಪ್ಯೂಟರ್ ಮತ್ತು ಗೇಮ್ ಯಂತ್ರಗಳಿಗೆ ಮರುಪ್ರಕಟಿಸಿದೆ. 2019ರ ಆ್ಯನಿವರ್ಸರಿ ಸಂಗ್ರಹದಲ್ಲಿ ಗೇಮ್ ಬಾಯ್‌ನ ಮೊದಲೆರಡು ಆಟಗಳಿವೆ, 2021ರ ಅಡ್ವಾನ್ಸ್ ಸಂಗ್ರಹದಲ್ಲಿ ‘ಸರ್ಕಲ್’, ‘ಹಾರ್ಮನಿ’, ‘ಏರಿಯಾ’ ಮೂರೂ ಇವೆ, 2024ರ ಡಾಮಿನಸ್ ಸಂಗ್ರಹದಲ್ಲಿ ಡಿಎಸ್‌ಗೆ ಬಂದ ‘ಡಾನ್’, ‘ಎಕ್ಲೀಸಿಯಾ’ ಸೇರಿ ಮೂರು ಆಟಗಳಿವೆ. ಮನೆಯ ಮಕ್ಕಳು ಕೇಳಿದರೆ ‘ಬೆಲ್ಮಾಂಟ್ಸ್ ರಿವೆಂಜ್’ ಮೊದಲು ಕೊಡಿಸಿ, ಆಮೇಲೆ ‘ಏರಿಯಾ’. ಎರಡನೆಯದನ್ನು ಆಡುವಾಗ ಒಂದು ವಾರ ಮ್ಯಾಪ್ ತೆರೆಯದೆ, ಕೋಟೆಯನ್ನು ಕಾಗದದ ಮೇಲೆ ತಾವೇ ಬರೆದುಕೊಳ್ಳಲು ಹೇಳಿ.