ಒಂದೇ ಕ್ಯಾಸೆಟ್‌ನಲ್ಲಿ ಎರಡು ಸಿನಿಮಾ

ಹಳೆಯ ಕ್ಯಾಸೆಟ್‌ಗಳಲ್ಲಿ ಒಂದು ಬದಿಗೆ ಒಂದು ಸಿನಿಮಾದ ಹಾಡು, ಇನ್ನೊಂದು ಬದಿಗೆ ಬೇರೆಯದೇ ಸಿನಿಮಾದ ಹಾಡು ಇರುತ್ತಿದ್ದುದೇಕೆ? (ಓದುಗರು, ಕಡ್ಡಿರಾಂಪುರ)

ಮುಖ್ಯ ಕಾರಣ ಜಾಗ. 60 ನಿಮಿಷದ ಕ್ಯಾಸೆಟ್‌ನ ಒಂದು ಬದಿ 30 ನಿಮಿಷ. ಚಿತ್ರವೊಂದರ ನಾಲ್ಕೈದು ಹಾಡು ಸೇರಿದರೆ ಸುಮಾರು 20 ನಿಮಿಷ. ಮಿಕ್ಕ ಬದಿ ಖಾಲಿ ಬಿಟ್ಟರೂ ಟೇಪು, ಡಬ್ಬಿ, ಸಾಗಣೆಯ ಖರ್ಚು ತಪ್ಪದು. ಅಲ್ಲಿ ಇನ್ನೊಂದು ಚಿತ್ರದ ಹಾಡು ತುಂಬಿದರೆ ಆ ಖರ್ಚು ಎರಡಕ್ಕೂ ಹಂಚಿಹೋಗುತ್ತಿತ್ತು. ಇಬ್ಬರು ರೈತರು ತಮ್ಮ ಬಾಳೆಗೊನೆಗಳನ್ನು ಒಂದೇ ಟೆಂಪೊದಲ್ಲಿ ಹೊಸಪೇಟೆಗೆ ಒಯ್ದು ಬಾಡಿಗೆ ಹಂಚಿಕೊಂಡಂತೆ ಇದು. ಗೆದ್ದ ಚಿತ್ರದ ಬೆನ್ನಿಗೆ ಸೋತದ್ದನ್ನು ಕಟ್ಟಿ ಮಾರುವ ಉಪಾಯವಲ್ಲವೇ ಎನ್ನಬಹುದು. ಹಾಗೂ ಇದ್ದೀತು, ಆದರೆ ಕ್ಯಾಸೆಟ್ ತಿರುವಿ ಹಾಕಿದವರಿಗೆ, ಚಿತ್ರ ಸೋತರೂ, ಒಳ್ಳೆಯ ಹಾಡು ದಕ್ಕಿತು, ಅದು ಸಣ್ಣ ಲಾಭವಲ್ಲ. ಹೊರದೇಶಗಳ ಪಂಕ್, ಪವರ್ ಪಾಪ್ ಶೈಲಿಯ ಸಣ್ಣ ಸಂಗೀತ ತಂಡಗಳೆರಡು ಕೂಡಿ ‘ಸ್ಪ್ಲಿಟ್’ ಆಲ್ಬಮ್ ತರುವುದೂ ಇದೇ ಲೆಕ್ಕದಲ್ಲಿ: ಖರ್ಚನ್ನು ಹಂಚಿಕೊಳ್ಳುತ್ತವೆ, ಒಂದರ ಅಭಿಮಾನಿಗಳು ಇನ್ನೊಂದನ್ನೂ ಕೇಳುತ್ತಾರೆ.