ಗಜದ ಮೇಲಿನ ಗೀರು

ತಾತ ತೀರಿಕೊಂಡು ತಿಥಿ ಮುಗಿದ ಮೇಲೆ ಮನೆಯಲ್ಲಿ ಒಂದು ಪ್ರಶ್ನೆ ಎದ್ದಿತು. ಅಟ್ಟದ ಮೇಲಿರುವ ಕೋವಿ ಏನು ಮಾಡೋದು?

ನಮ್ಮದು ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಹಳ್ಳಿ. ಕಬ್ಬಿನ ಗದ್ದೆಗೆ ಹಂದಿ ನುಗ್ಗೋದು ಅಲ್ಲಿ ಹೊಸದಲ್ಲ. ತಾತನ ಹತ್ತಿರ ಲೈಸೆನ್ಸ್ ಇದ್ದ ಒಂಟಿ ನಳಿಗೆ ಕೋವಿ ಇತ್ತು. ತೋಟಾ ಹಾಕುವಂಥದ್ದಲ್ಲ. ನಳಿಗೆಯ ಬಾಯಿಂದಲೇ ಮದ್ದು ಸುರಿದು, ಗಜ ಅನ್ನುವ ಉದ್ದನೆಯ ಸರಳಿನಿಂದ ಜಡಿದು ತುಂಬುವ ಹಳೇ ಕಾಲದ ಕೋವಿ. 1959ರ ಆಯುಧ ಕಾಯ್ದೆಯಲ್ಲಿ ಬೆಳೆ ಕಾಯೋದಕ್ಕೆ ಅಂತಲೇ ಇಂಥ ಕೋವಿಗೆ ಲೈಸೆನ್ಸ್ ಕೊಡುವ ಅವಕಾಶ ಇದೆ. ಎಲೆಕ್ಷನ್ ಬಂದಾಗೆಲ್ಲ ತಾತ ಅದನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಕೊಟ್ಟು, ಮುಗಿದ ಮೇಲೆ ವಾಪಸ್ ತರ್ತಿದ್ರು.

ಲೈಸೆನ್ಸ್ ಇದ್ದದ್ದು ಅವರ ಹೆಸರಲ್ಲಿ. ಅವರೇ ಹೋದ ಮೇಲೆ ಮನೆಯಲ್ಲಿ ಇಟ್ಕೊಳ್ಳೋ ಹಾಗಿಲ್ಲ. ಅಪ್ಪ, ನಾನು, ಅಕ್ಕನ ಮಗ ಮೂವರೂ ಕಾರಲ್ಲಿ ಠಾಣೆಗೆ ಹೋದೆವು. ಕೋವಿ ಹಿಂದಿನ ಸೀಟಿನ ಕೆಳಗೆ, ಆರು ವರ್ಷದ ಹುಡುಗನ ಕಾಲಡಿಯಲ್ಲಿತ್ತು.

ಠಾಣೆಯ ಹಿರಿಯ ಪೇದೆ ಮೊದಲು ಕೇಳಿದ್ದೇ, "ಒಳಗೆ ಮದ್ದು ಇದ್ಯಾ?"

ಅಪ್ಪ ನನ್ನ ಮುಖ ನೋಡಿದರು. ನಾನು ಅಪ್ಪನ ಮುಖ ನೋಡಿದೆ. ಇಬ್ಬರಿಗೂ ಗೊತ್ತಿಲ್ಲ!

ಆ ಪೇದೆ ಗಜವನ್ನು ನಳಿಗೆಯೊಳಗೆ ಇಳಿಸಿದರು, ಒಮ್ಮೆ ನೋಡಿದರು, "ಖಾಲಿ ಇದೆ ಬಿಡಿ" ಅಂದರು. ಹೇಗೆ ಗೊತ್ತಾಯ್ತು ಅಂತ ಕೇಳುವಷ್ಟರಲ್ಲಿ ರಿಜಿಸ್ಟರ್‌ಗೆ ಸೈನ್ ಹಾಕಿಸಿಕೊಂಡು ಎದ್ದು ಹೋದರು. ಕೊಡುವ ಮುಂಚೆ ಮೊಬೈಲಲ್ಲಿ ತೆಗೆದ ನಾಲ್ಕು ಫೋಟೋ ಮಾತ್ರ ನನ್ನ ಹತ್ತಿರ ಉಳಿದವು.

ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಸಾಫ್ಟ್‌ವೇರ್ ಎಂಜಿನಿಯರ್. ಡಾಕ್ಯುಮೆಂಟೇಷನ್ ಇಲ್ಲದ ಕೋಡ್ ಕೊಟ್ಟರೆ ನಮ್ಮ ಟೀಮ್‌ನಲ್ಲಿ ಯಾರೂ ಮುಟ್ಟಲ್ಲ. ಮಗುವಿನ ಕಾಲಡಿಯಲ್ಲಿ ಕೋವಿ ಇಟ್ಕೊಂಡು ಹೋದವನಿಗೆ ಒಂದು ಸಾಲಿನ ಮ್ಯಾನ್ಯುಯಲ್ ಕೂಡ ಇರಲಿಲ್ಲ. ಇಂಥ ಕೋವಿಗಳ ಬಗ್ಗೆ ನಮ್ಮ ಸೀಮೆಯಲ್ಲಿ ಯಾರೂ ಕೈಪಿಡಿ ಬರೆದೇ ಇಲ್ವಾ ಅಂತ ಹುಡುಕೋಕೆ ಕೂತೆ.

ಬರೆದಿದ್ದರು. ಅದೂ ನಮ್ಮೂರಿಂದ ಬಹಳ ದೂರವೇನಲ್ಲ, ಶ್ರೀರಂಗಪಟ್ಟಣದ ದೊರೆಗಾಗಿಯೇ.

ಹೆಸರು 'ಫತಹುಲ್ ಮುಜಾಹಿದೀನ್'. ಟಿಪ್ಪು ಸುಲ್ತಾನನ ಸೇನೆಗಾಗಿ ಜೈನುಲ್ ಆಬಿದೀನ್ ಶುಸ್ತರಿ ಪಾರ್ಸಿಯಲ್ಲಿ ಬರೆದ ಸೈನಿಕ ಕೈಪಿಡಿ. ಆಗಿನ ಸಿಪಾಯಿಗಳ ಕೈಯಲ್ಲಿದ್ದದ್ದೂ ಬಾಯಿಂದ ಮದ್ದು ತುಂಬುವ ಕೋವಿಯೇ, ಚಕಮಕಿ ಕಲ್ಲಿನ ಕಿಡಿಯಿಂದ ಸಿಡಿಯುವಂಥದ್ದು. ಪಡೆ ಹೇಗೆ ಕಟ್ಟಬೇಕು, ಕವಾಯತು ಹೇಗೆ ಅನ್ನೋದರ ಜೊತೆಗೆ, ಒಂದೊಂದು ಕುಶೂನ್‌ಗೆ, ಅಂದರೆ ಬ್ರಿಗೇಡ್‌ಗೆ, 200 ಜನ ರಾಕೆಟ್ ಸಿಪಾಯಿಗಳು ಇರಬೇಕು ಅನ್ನೋ ಲೆಕ್ಕವೂ ಅದರಲ್ಲಿದೆ.

ಆಮೇಲೆ 1799ರ ಮೇ 4. ಕೋಟೆ ಬಿತ್ತು, ಟಿಪ್ಪು ಸತ್ತ. ಅರಮನೆಯ ಸುಮಾರು 2000 ಪುಸ್ತಕ ಇಂಗ್ಲಿಷರ ಪಾಲಾದವು. ಕೆಲವು ಕಲ್ಕತ್ತೆಗೆ, ಕೆಲವು ಲಂಡನ್‌ಗೆ. ಚಾರ್ಲ್ಸ್ ಸ್ಟೀವರ್ಟ್ ಅನ್ನೋನು 1809ರಲ್ಲಿ ಅವುಗಳ ಕ್ಯಾಟಲಾಗ್ ಅಚ್ಚು ಹಾಕಿಸಿದ. 1811ರಲ್ಲಿ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಟಿಪ್ಪುವಿನ ಪತ್ರಗಳನ್ನು ಇಂಗ್ಲಿಷಿಗೆ ತಂದಾಗ ಈ ಕೈಪಿಡಿಯ ಕೆಲವು ಭಾಗಗಳನ್ನೂ ಕೊನೆಯಲ್ಲಿ ಸೇರಿಸಿದ. ನನ್ನ ಫೋನಿನ ಪರದೆ ಮೇಲೆ ಬಂದದ್ದು ಅದೇ ಹಳದಿ ಪುಟಗಳು. ಎರಡು ರಾತ್ರಿ ಓದಿದೆ. ಖುಷಿಯಾಯ್ತು, ಆದರೆ ಪೇದೆಗೆ ಹೇಗೆ ಗೊತ್ತಾಯ್ತು ಅನ್ನೋದು ಸಿಗಲಿಲ್ಲ. ಮೂಲ ಓದೋಣ ಅಂದ್ರೆ ನನಗೆ ಪಾರ್ಸಿ ಬರಲ್ಲ.

ಶನಿವಾರ ಬೆಳಿಗ್ಗೆ ಬೆಂಗಳೂರು ಬಿಟ್ಟೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆ ನೋಡಿದೆ. ರೈಲ್ವೆ ಜೋಡಿ ಹಳಿಗೆ ಅಡ್ಡ ಬಂತು ಅಂತ 2017ರಲ್ಲಿ ಇಡೀ ಕಟ್ಟಡವನ್ನೇ ಎತ್ತಿ ಪಕ್ಕಕ್ಕೆ ಸರಿಸಿದ್ದಾರೆ. ಅಲ್ಲಿಂದ ಪಾಂಡವಪುರ. ಹೈದರ್, ಟಿಪ್ಪು ಸೇನೆಯಲ್ಲಿದ್ದ ಫ್ರೆಂಚರು ಬೀಡುಬಿಟ್ಟಿದ್ದರಿಂದ ಅದಕ್ಕೆ 'ಫ್ರೆಂಚ್ ರಾಕ್ಸ್' ಅಂತ ಹೆಸರಿತ್ತು. ಅದೇ ತಾಲ್ಲೂಕಿನ ಚಿನಕುರಳಿಯಲ್ಲಿ 1771ರಲ್ಲಿ ಹೈದರ್ ಮರಾಠರಿಗೆ ಸೋತಿದ್ದ. ಎಷ್ಟು ಸಲ ಊರಿಗೆ ಹೋಗಿದ್ದೀನಿ, ಒಮ್ಮೆಯೂ ಇದೆಲ್ಲ ತಲೆಗೆ ಬಂದಿರಲಿಲ್ಲ. ಗೋಡೆ ಎತ್ತಿ ಉಳಿಸಿಕೊಳ್ಳೋ ನಾವು, ಗೊತ್ತಿದ್ದವರ ಮಾತನ್ನು ಮಾತ್ರ ಹಾಗೇ ಬಿಟ್ಟುಬಿಡ್ತೀವಿ.

ಊರಲ್ಲಿ ಅಜ್ಜಿ ಅಂದರು: "ನನ್ ತಮ್ಮನ್ನ ಕೇಳು ಹೋಗು. ಇಬ್ರೂ ಒಟ್ಗೇ ಹಂದಿ ಕಾಯೋರು."

ಅಜ್ಜಿಯ ತಮ್ಮ ಇರೋದು ನಾಗಮಂಗಲದ ಹತ್ತಿರ. ಎಂಬತ್ತು ದಾಟಿದೆ, ಒಂದು ಕಿವಿ ಕೇಳಲ್ಲ. ಜಗಲಿ ಮೇಲೆ ಪಕ್ಕದಲ್ಲಿ ಕೂತು ಫೋಟೋ ದೊಡ್ಡದು ಮಾಡಿ ತೋರಿಸಿದೆ.

"ನಿಮ್ ಭಾವನ ಗಜ, ತಾತ."

ಕಣ್ಣು ಕಿರಿದು ಮಾಡಿ ನೋಡಿದರು. ಬೆರಳು ನೇರ ಒಂದು ಕಡೆ ಹೋಯ್ತು. "ಗೀರು ಐತಲ್ಲ ಮಗ, ನೋಡು."

ಗಜದ ಮೇಲೆ ಸಣ್ಣದೊಂದು ಗೀರು ಇತ್ತು. ನಾನದನ್ನು ತುಕ್ಕಿನ ಗೆರೆ ಅಂದ್ಕೊಂಡಿದ್ದೆ.

"ಬರೀ ನಳಿಗೆಗೆ ಗಜ ಇಳುಸುದ್ರೆ ಗೀರು ಬಾಯಿಗೆ ಸಮ ನಿಲ್ತದೆ. ಒಳಗೆ ಮದ್ದು, ನಾರು, ಗುಂಡು ಇದ್ರೆ ಗೀರು ಮ್ಯಾಲೇ ನಿಂತ್ಕತದೆ. ಕತ್ಲಲ್ಲಿ ಉಗುರಾಗೆ ಮುಟ್ಟಿ ನೋಡ್ತಿದ್ವಿ. ಕೋವಿ ಮನೆಗ್ ತರೋ ಮುಂಚೆ ದಿನಾ ನೋಡ್ಬೇಕು. ಮಕ್ಳಿರೋ ಮನೆ ಅಲ್ವಾ?"

ಅಷ್ಟೇ. ಪೇದೆ ನೋಡಿದ್ದೂ ಅದನ್ನೇ. ತಾತ ಪ್ರತಿದಿನ ಮಾಡ್ತಿದ್ದ ಕೆಲಸ, ನಮಗಾಗಿಯೇ ಮಾಡ್ತಿದ್ದದ್ದು. ನಾವು ಒಮ್ಮೆಯೂ ಕೇಳಲಿಲ್ಲ, ಅವರು ಹೇಳಬೇಕು ಅಂದುಕೊಳ್ಳಲೂ ಇಲ್ಲ.

ಅಲ್ಲೇ ಕೂತು ಫೋನಲ್ಲಿ ಟೈಪ್ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಐದೇ ಸಾಲು. ಅಪ್ಪನಿಂದ ತಕ್ಷಣ ಉತ್ತರ ಬಂತು: "ಹಾಗಾದ್ರೆ ಕಾರಿಗೆ ಇಡೋ ಮುಂಚೆ ಮನೆಯಲ್ಲೇ ನೋಡಬಹುದಿತ್ತಲ್ಲ."

ಹೊರಡುವಾಗ ತಾತ ಕೈ ಹಿಡಿದುಕೊಂಡು ಕೇಳಿದರು, "ಇನ್ನೇನ್ ಕೇಳ್ಬೇಕಿತ್ ಮಗ?"

ಏನು ಕೇಳಬೇಕು ಅಂತಲೂ ನನಗೆ ಗೊತ್ತಿರಲಿಲ್ಲ. ಈ ವಾರವಿಡೀ ಕೂತು ಪಟ್ಟಿ ಮಾಡಿದ್ದೀನಿ. ಕೆರೆ ತೂಬು, ಬಿತ್ತನೆ ರಾಗಿ, ಹಂದಿಯ ಜಾಡು, ಅಜ್ಜಿಯ ಮದುವೆ. ಶನಿವಾರ ಮತ್ತೆ ನಾಗಮಂಗಲಕ್ಕೆ ಹೋಗ್ತಿದ್ದೀನಿ.